ಮೊಣಕೈ ನೋವು ಮತ್ತು ಭಾರದ ವ್ಯಾಯಾಮ: ಬಿಡಬೇಕೇ, ಅಳೆಯಬೇಕೇ?

ದೇಹಕ್ಕೆ ಶ್ರಮ ಬೇಕು. ಶ್ರಮಕ್ಕೆ ಮಿತಿ ಬೇಕು. ಈ ಎರಡು ಮಾತುಗಳಲ್ಲಿ ಮೊದಲನೆಯದನ್ನು ಇಂದಿನ ನಗರವಾಸಿಗಳು ಚೆನ್ನಾಗಿಯೇ ಮನಗಂಡಿದ್ದಾರೆ. ನಾಸಿಕದ ಗಂಗಾಪುರ ರಸ್ತೆಯಲ್ಲಾಗಲಿ, ಛತ್ರಪತಿ ಸಂಭಾಜಿನಗರದ ಸಿಡ್ಕೊ ಬಡಾವಣೆಗಳಲ್ಲಾಗಲಿ ಬೆಳಗಿನ ಜಾವಕ್ಕೇ ವ್ಯಾಯಾಮಶಾಲೆಗಳ ದೀಪಗಳು ಬೆಳಗುತ್ತವೆ. ಅಲ್ಲಿಗೆ ಬರುವವರು ತರುಣರು ಮಾತ್ರವಲ್ಲ. ನಲವತ್ತು ದಾಟಿದ ಗೃಹಸ್ಥರು, ಗೃಹಿಣಿಯರು, ನಿವೃತ್ತರು ಕೂಡ ಡಂಬೆಲ್, ಬಾರ್ಬೆಲ್‌ಗಳನ್ನು ಎತ್ತುತ್ತಾರೆ. ಇದು ಸ್ವಾಗತಾರ್ಹವಾದ ಬದಲಾವಣೆ. ನಡುವಯಸ್ಸಿನ ನಂತರ ಸ್ನಾಯುಗಳು ತಾವಾಗಿಯೇ ಕ್ಷೀಣಿಸತೊಡಗುತ್ತವೆ. ಅದನ್ನು ತಡೆಯಲು ಭಾರದ ವ್ಯಾಯಾಮಕ್ಕೆ ಸಮನಾದ ಉಪಾಯ ಮತ್ತೊಂದಿಲ್ಲ. ಮಧುಮೇಹದ ಹತೋಟಿಗೂ ಮೂಳೆಗಳ ಗಟ್ಟಿತನಕ್ಕೂ ಅದು ನೆರವಾಗುತ್ತದೆ.

ಆದರೆ ಎರಡನೆಯ ಮಾತನ್ನು, ಎಂದರೆ ಮಿತಿಯನ್ನು, ಬಹುಮಂದಿ ಕಲಿಯುವುದು ನೋವಿನಿಂದಲೇ. ವ್ಯಾಯಾಮ ಆರಂಭಿಸಿದ ಕೆಲವು ತಿಂಗಳಿಗೆ ಮೊಣಕೈಯ ಹೊರಬದಿಯಲ್ಲಿ ಸಣ್ಣ ನೋವೊಂದು ಕಾಣಿಸಿಕೊಳ್ಳುತ್ತದೆ. ಮೊದಲು ಅದು ಭಾರ ಎತ್ತುವಾಗ ಮಾತ್ರ. ಬಳಿಕ ನೀರಿನ ತಂಬಿಗೆ ಎತ್ತುವಾಗಲೂ, ಬಾಗಿಲ ಬೀಗ ತಿರುಗಿಸುವಾಗಲೂ, ಯಾರಾದರೂ ಕೈಕುಲುಕಿದಾಗಲೂ. ಆಗ ಜನರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ವ್ಯಾಯಾಮವನ್ನೇ ಕೈಬಿಡುತ್ತಾರೆ. ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಇನ್ನು ಕೆಲವರು ಮಾತ್ರೆ ನುಂಗಿ, ಮುಲಾಮು ತಿಕ್ಕಿ, ಹಲ್ಲುಕಚ್ಚಿ ಮೊದಲಿನಷ್ಟೇ ಭಾರ ಎತ್ತುತ್ತಾರೆ. ಎರಡೂ ತಪ್ಪು ದಾರಿಗಳೇ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ: ಭಾರವನ್ನು ಬಿಡದೆ ಅದನ್ನು ಅಳೆದು ಕೊಡುವುದು. ಅದರ ವಿವರಣೆಯೇ ಈ ಲೇಖನದ ಉದ್ದೇಶ.

ಭಾರವೆತ್ತುವುದು ಪರದೇಶದಿಂದ ಬಂದ ಹೊಸ ಹವ್ಯಾಸವೆಂದು ಯಾರೂ ಭಾವಿಸಬೇಕಾಗಿಲ್ಲ. ಕಲ್ಯಾಣದಿಂದ ರಾಜ್ಯವಾಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನಿಗೆ ‘ಭೂಲೋಕಮಲ್ಲ’ ಎಂಬ ಬಿರುದಿತ್ತು. ಹನ್ನೆರಡನೆಯ ಶತಮಾನದಲ್ಲಿ ಅವನು ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲರ ಸಾಧನೆಯ ವಿವರಗಳಿವೆ, ಭಾರದೊಡನೆ ಮಾಡುವ ಶ್ರಮವೂ ಕಂಬದ ಮೇಲೆ ಮಾಡುವ ಶ್ರಮವೂ ಅಲ್ಲಿ ಉಕ್ತವಾಗಿವೆ. ಅದೇ ಕಂಬದ ವಿದ್ಯೆಯನ್ನು ಪೇಶ್ವೆ ಎರಡನೆಯ ಬಾಜೀರಾಯನ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರರು ಮಲ್ಲಖಂಬವಾಗಿ ಪುನರುಜ್ಜೀವನಗೊಳಿಸಿದರು. ಇದಕ್ಕೆ ಅವರಿಗೆ ಪ್ರೇರಣೆ ದೊರೆತದ್ದು ನಾಸಿಕ ಜಿಲ್ಲೆಯ ವಣಿಯ ಸಪ್ತಶೃಂಗಿ ಬೆಟ್ಟದಲ್ಲಿ ಎಂಬುದು ಪರಂಪರೆಯಿಂದ ಬಂದ ಕಥೆ. ನಮ್ಮ ಗರಡಿಮನೆಗಳಲ್ಲಾಗಲಿ, ಈ ನಾಡಿನ ತಾಲೀಮುಗಳಲ್ಲಾಗಲಿ ಹೊಸಬನ ಕೈಗೆ ಮೊದಲ ದಿನವೇ ಭಾರಿ ಮುದ್ಗರವನ್ನು ಕೊಡುವ ಪದ್ಧತಿ ಇರಲಿಲ್ಲ. ಎಷ್ಟು ಎತ್ತಬೇಕೆಂಬುದನ್ನು ಉಸ್ತಾದನು ನಿರ್ಧರಿಸುತ್ತಿದ್ದನು. ಇಂದು ಶುಲ್ಕ ತೆತ್ತವನೇ ತನ್ನ ಉಸ್ತಾದನಾಗಿದ್ದಾನೆ. ತೊಂದರೆಯ ಮೂಲ ಅಲ್ಲಿದೆ.

ನೋವು ಎಲ್ಲಿ, ಏಕೆ?

ಸ್ನಾಯುವನ್ನು ಮೂಳೆಗೆ ಬಿಗಿಯುವ ಗಟ್ಟಿಯಾದ ಬಿಳಿಯ ಹುರಿಗೆ ಸ್ನಾಯುರಜ್ಜು ಎಂದು ಹೆಸರು. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳೆಲ್ಲ ಮುಂಗೈಯ ಹಿಂಬದಿಯಲ್ಲಿವೆ. ಅವುಗಳ ಮೇಲ್ತುದಿಗಳು ಮೊಣಕೈಯ ಹೊರಬದಿಯಲ್ಲಿ ಕೈಗೆ ಸಿಕ್ಕುವ ಸಣ್ಣದೊಂದು ಎಲುಬಿನ ಉಬ್ಬಿಗೆ ಸೇರಿಕೊಳ್ಳುತ್ತವೆ. ಹೆಬ್ಬೆರಳಿನಗಲದ ಆ ಜಾಗವೇ ಈ ನೋವಿನ ನೆಲೆ. ಇಲ್ಲಿ ಹೆಚ್ಚಾಗಿ ಕೆಡುವುದು ಎಕ್ಸ್‌ಟೆನ್ಸರ್ ಕಾರ್ಪಿ ರೇಡಿಯಾಲಿಸ್ ಬ್ರೆವಿಸ್ ಎಂಬ ಉದ್ದ ಹೆಸರಿನ ಸಣ್ಣ ಸ್ನಾಯುವಿನ ರಜ್ಜು.

ಮಣಿಕಟ್ಟನ್ನು ಎತ್ತದೆ ಬರಿಯ ಮುಷ್ಟಿ ಬಿಗಿದರೆ ಈ ರಜ್ಜುವಿಗೆ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಬೆರಳುಗಳು ಬಿಗಿಯಾಗಿ ಮಡಚಿಕೊಂಡಾಗ ಮಣಿಕಟ್ಟು ಕೂಡ ಮುಂದಕ್ಕೆ ಮಡಚಲು ಹವಣಿಸುತ್ತದೆ. ಅದು ಹಾಗೆ ಮಡಚದಂತೆ ಹಿಂದಿನಿಂದ ಹಿಡಿದೆಳೆಯುವುದು ಈ ಸ್ನಾಯುಗಳ ಕೆಲಸ. ಆದ್ದರಿಂದ ಹಿಡಿತವಿದ್ದಲ್ಲೆಲ್ಲ ಇವುಗಳ ದುಡಿಮೆ ಇದ್ದೇ ಇದೆ. ಬಾರ್ಬೆಲ್ ಎತ್ತುವವನು ಬೆನ್ನಿನ ವ್ಯಾಯಾಮ ಮಾಡುತ್ತಿರುವೆನೆಂದು ತಿಳಿದಿರುತ್ತಾನೆ. ಆದರೆ ಆ ಭಾರವೆಲ್ಲ ಹಾದುಹೋಗುವುದು ಅವನ ಮುಷ್ಟಿಯ ಮೂಲಕವೇ. ಅಂದರೆ ಬೆನ್ನಿನ ದಿನ, ತೋಳಿನ ದಿನ, ಭುಜದ ದಿನ ಎಂದು ಎಷ್ಟೇ ವಿಂಗಡಿಸಿದರೂ ಮೊಣಕೈಯ ಈ ರಜ್ಜುವಿಗೆ ರಜೆಯ ದಿನವೇ ಇಲ್ಲ.

ಈ ಬೇನೆಗೆ ಲೋಕದಲ್ಲಿ ‘ಟೆನಿಸ್ ಎಲ್ಬೋ’ ಎಂಬ ಹೆಸರು ನಿಂತಿದ್ದರೂ ಇದರಿಂದ ನರಳುವವರಲ್ಲಿ ಬಹುಪಾಲು ಜನ ಟೆನಿಸ್ ರಾಕೆಟ್ಟನ್ನು ಮುಟ್ಟಿದವರೇ ಅಲ್ಲ. 1873ರಲ್ಲಿ ರುಂಗೆ ಎಂಬ ಜರ್ಮನ್ ವೈದ್ಯನು ಇದನ್ನು ಮೊದಲು ವರ್ಣಿಸಿದ್ದು ಬರೆವಣಿಗೆಯವರ ಕೈಸೆಳೆತವನ್ನು ಕುರಿತ ಪ್ರಬಂಧದಲ್ಲಿ. ಟೆನಿಸ್ಸಿನ ಹೆಸರು ಅಂಟಿಕೊಂಡದ್ದು ಅದರ ಮುಂದಿನ ದಶಕದಲ್ಲಿ, ಇಂಗ್ಲೆಂಡಿನಲ್ಲಿ. ಹೀಗೆ ಆಟಗಾರನಿಗಿಂತ ಗುಮಾಸ್ತನಿಗೇ ಈ ಬೇನೆಯ ಮೇಲೆ ಹಳೆಯ ಹಕ್ಕಿದೆ! ವಯಸ್ಕರಲ್ಲಿ ನೂರಕ್ಕೆ ಒಬ್ಬರಿಂದ ಮೂವರಿಗೆ ಇದು ಇರುವುದೆಂದು ಅಂದಾಜು. 35ರಿಂದ 54 ವರ್ಷದವರಲ್ಲಿ ಹೆಚ್ಚು. ಧೂಮಪಾನ ಮಾಡುವವರಲ್ಲಿಯೂ ಮಧುಮೇಹಿಗಳಲ್ಲಿಯೂ ರಜ್ಜುಗಳ ತೊಂದರೆ ಹೆಚ್ಚಾಗಿ ಕಂಡುಬರುತ್ತದೆ.

ಬಾವಲ್ಲ, ಬಲಗೇಡು

ಹಿಂದೆ ಇದನ್ನು ರಜ್ಜುವಿನ ಬಾವು ಎಂದು ಭಾವಿಸಿ ಬಾವನ್ನು ಇಳಿಸುವ ಔಷಧಿಗಳನ್ನೇ ಕೊಡುತ್ತಿದ್ದರು. 1979ರಲ್ಲಿ ಅಮೆರಿಕದ ನಿರ್ಶ್ಲ್ ಮತ್ತು ಪೆಟ್ರೋನ್ ಎಂಬ ಶಸ್ತ್ರವೈದ್ಯರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ರಜ್ಜುವಿನ ತುಣುಕುಗಳನ್ನು ಕುರಿತು ಪ್ರಕಟಿಸಿದ ವರದಿ ಈ ಭಾವನೆಯನ್ನು ಬದಲಿಸಿತು. ಅಲ್ಲಿ ಕಂಡುಬಂದದ್ದು ಮುಖ್ಯವಾಗಿ ಬಾವಿನ ಜೀವಕೋಶಗಳಲ್ಲ. ಅಚ್ಚುಕಟ್ಟಾಗಿ ಸಾಲುಗಟ್ಟಿರಬೇಕಾದ ಕೊಲಾಜೆನ್ ಎಳೆಗಳು ಅಸ್ತವ್ಯಸ್ತವಾಗಿದ್ದವು. ನಡುನಡುವೆ ಬೇಡದ ಸಣ್ಣ ರಕ್ತನಾಳಗಳು ಬೆಳೆದಿದ್ದವು. ಹುರಿ ಸಡಿಲಿದ ಹಗ್ಗದ ಸ್ಥಿತಿ ಅದು. ರಿಪೇರಿ ಆರಂಭವಾಗಿ ಅರ್ಧಕ್ಕೇ ನಿಂತಂತಿತ್ತು.

ಇಲ್ಲಿ ಸ್ನಾಯುವಿಗೂ ರಜ್ಜುವಿಗೂ ಇರುವ ವ್ಯತ್ಯಾಸವನ್ನು ಅರಿಯುವುದು ಆವಶ್ಯಕ. ಸ್ನಾಯುವಿಗೆ ರಕ್ತದ ಪೂರೈಕೆ ಧಾರಾಳ. ಕೆಲವೇ ವಾರಗಳಲ್ಲಿ ಅದು ಬಲಗೊಳ್ಳುತ್ತದೆ. ರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ. ಅದು ಬಲಗೊಳ್ಳಲು ತಿಂಗಳುಗಳು ಬೇಕು. ಎರಡು ತಿಂಗಳ ವ್ಯಾಯಾಮದ ನಂತರ ಸ್ನಾಯುವು 20 ಕಿಲೋ ಬದಲು 30 ಕಿಲೋ ಎತ್ತಲು ಸಿದ್ಧವಾಗಿರಬಹುದು. ರಜ್ಜು ಇನ್ನೂ 20 ಕಿಲೋ ಲೆಕ್ಕದಲ್ಲಿಯೇ ಇರುತ್ತದೆ. ಆದಾಯ ಏರುವ ಮೊದಲೇ ಖರ್ಚು ಏರಿಸಿದ ಸಂಸಾರದಂತೆ ಇದರ ಕಥೆ.

ಮತ್ತೊಂದು ಸಂಗತಿ. ಭಾರದ ವ್ಯಾಯಾಮ ಮಾಡಿದಾಗ ರಜ್ಜುವಿನಲ್ಲಿ ಕೊಲಾಜೆನ್ ಒಡೆಯುವ ಕ್ರಿಯೆ, ಕಟ್ಟುವ ಕ್ರಿಯೆ ಎರಡೂ ಆರಂಭವಾಗುತ್ತವೆ. ಮೊದಲ 24ರಿಂದ 36 ಗಂಟೆಗಳ ಕಾಲ ಒಡೆಯುವುದೇ ಹೆಚ್ಚು. ಅನಂತರ ಕಟ್ಟುವುದು ಮೇಲುಗೈಯಾಗಿ ರಜ್ಜು ಮೊದಲಿಗಿಂತ ತುಸು ಬಲವಾಗುತ್ತದೆ. ಈ ನಷ್ಟದ ಅವಧಿ ಮುಗಿಯುವ ಮೊದಲೇ ಮತ್ತೆ ಭಾರ ಹೇರಿದರೆ ಖಾತೆಯಲ್ಲಿ ಬಾಕಿಯೇ ಬೆಳೆಯುತ್ತ ಹೋಗುತ್ತದೆ. ಆದ್ದರಿಂದ ಒಂದೇ ರಜ್ಜುವಿಗೆ ದೊಡ್ಡ ಭಾರ ಕೊಡುವ ಎರಡು ದಿನಗಳ ನಡುವೆ 48 ಗಂಟೆಗಳ ಅಂತರವಿರುವುದು ಯುಕ್ತ.

ವಿಶ್ರಾಂತಿ ಮತ್ತು ಚುಚ್ಚುಮದ್ದು

ಸಂಪೂರ್ಣ ವಿಶ್ರಾಂತಿಯಿಂದ ನೋವು ಇಳಿಯುವುದು ನಿಜ. ಆದರೆ ಕುಳಿತು ಉಂಡರೆ ಕುಡಿಕೆ ಹೊನ್ನು ಸಾಲದೆಂಬಂತೆ, ಕೆಲಸವಿಲ್ಲದ ರಜ್ಜು ಇದ್ದ ಬಲವನ್ನೂ ಕಳೆದುಕೊಳ್ಳುತ್ತದೆ. ಆರು ವಾರ ಬಿಟ್ಟು ಮತ್ತೆ ಹಳೆಯ ಭಾರಕ್ಕೇ ಕೈಹಾಕಿದವನಿಗೆ ಮೊದಲ ವಾರದಲ್ಲಿಯೇ ನೋವು ಮರಳುವುದು ಇದರಿಂದಲೇ.

ಸ್ಟೆರಾಯ್ಡ್ ಚುಚ್ಚುಮದ್ದಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಚುಚ್ಚಿಸಿಕೊಂಡ ಕೆಲವೇ ದಿನಗಳಲ್ಲಿ ನೋವು ಮಾಯವಾಗುವುದರಿಂದ ಇದು ಜನಪ್ರಿಯವಾಯಿತು. ಆದರೆ 2006ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದರಲ್ಲಿ ಆರು ವಾರಗಳ ಹೊತ್ತಿಗೆ ಮುಂದಿದ್ದ ಚುಚ್ಚುಮದ್ದಿನ ಗುಂಪು ಅನಂತರ ಹಿಂದೆ ಬಿತ್ತು. 2013ರಲ್ಲಿ ಅಲ್ಲಿಯೇ 165 ರೋಗಿಗಳ ಮೇಲೆ ನಡೆದ ಮತ್ತೊಂದು ಪರೀಕ್ಷೆಯ ಅಂಕಿಗಳು ಇನ್ನೂ ಸ್ಪಷ್ಟ. ಒಂದು ವರ್ಷದ ಕೊನೆಗೆ ಸ್ಟೆರಾಯ್ಡ್ ಪಡೆದವರಲ್ಲಿ ನೂರಕ್ಕೆ 83 ಮಂದಿ ಗುಣಹೊಂದಿದ್ದರೆ, ಔಷಧವಿಲ್ಲದ ಹುಸಿ ಚುಚ್ಚುಮದ್ದು ಪಡೆದವರಲ್ಲಿ ನೂರಕ್ಕೆ 96 ಮಂದಿ ಗುಣಹೊಂದಿದ್ದರು. ನೋವು ಮರುಕಳಿಸಿದ್ದು ಸ್ಟೆರಾಯ್ಡ್ ಪಡೆದವರಲ್ಲಿ ನೂರಕ್ಕೆ 54, ಇತರರಲ್ಲಿ ನೂರಕ್ಕೆ 12. ಕೈಗಡದಂತೆ ಈ ಚುಚ್ಚುಮದ್ದು. ಇಂದಿನ ತೊಂದರೆ ನೀಗುತ್ತದೆ, ಬಡ್ಡಿ ಮುಂದೆ ಬರುತ್ತದೆ. ವ್ಯಾಯಾಮಿಗೆ ಇದರಲ್ಲಿ ಮತ್ತೊಂದು ಅಪಾಯವೂ ಉಂಟು: ನೋವಿಲ್ಲವೆಂಬ ಧೈರ್ಯದಿಂದ ಬಲಗೆಟ್ಟ ರಜ್ಜುವಿನ ಮೇಲೆ ಅವನು ಹಳೆಯ ಭಾರವನ್ನೇ ಹೇರುತ್ತಾನೆ. ರೋಗಿಯದೇ ರಕ್ತದಿಂದ ತಯಾರಿಸಿ ಚುಚ್ಚುವ ಪ್ಲೇಟ್‌ಲೆಟ್ ದ್ರವದ ಚಿಕಿತ್ಸೆಗೂ ಈಗ ಬಹಳ ಪ್ರಚಾರವಿದೆ. ಆದರೆ 2021ರಲ್ಲಿ ಕಾಕ್ರೇನ್ ಸಂಸ್ಥೆ ಎಲ್ಲ ಪರೀಕ್ಷೆಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಅದರಿಂದ ಗಣನೀಯ ಪ್ರಯೋಜನ ಬಹುಶಃ ಇಲ್ಲವೆಂದೇ ಕಂಡುಬಂದಿತು.

ಸಮಾಧಾನದ ಮಾತೆಂದರೆ, ಬಹುಪಾಲು ಮೊಣಕೈಗಳು ಒಂದು ವರ್ಷದೊಳಗೆ ಗುಣವಾಗಿಯೇ ಆಗುತ್ತವೆ. ಆ ವರ್ಷವನ್ನು ಹೇಗೆ ಕಳೆಯಬೇಕೆಂಬುದೇ ಪ್ರಶ್ನೆ. ಬಲವನ್ನು ಉಳಿಸಿಕೊಂಡು, ಬೆಳೆಸಿಕೊಂಡು ಕಳೆಯುವುದು ಜಾಣತನ.

ನೋವಿನ ಅಳತೆಗೋಲು

ನೋವೇ ಇಲ್ಲದ ವ್ಯಾಯಾಮವನ್ನು ಹುಡುಕುತ್ತ ಹೋದರೆ ಯಾವ ವ್ಯಾಯಾಮವೂ ಉಳಿಯುವುದಿಲ್ಲ. ನೋವನ್ನು ಲೆಕ್ಕಿಸದಿದ್ದರೆ ರಜ್ಜು ಉಳಿಯುವುದಿಲ್ಲ. ಆದ್ದರಿಂದ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವ ಪದ್ಧತಿ ಬಂದಿದೆ. ನೋವಿಲ್ಲದಿದ್ದರೆ ಸೊನ್ನೆ, ಊಹಿಸಬಹುದಾದ ಅತಿ ಕಠಿಣ ನೋವು ಹತ್ತು.

ವ್ಯಾಯಾಮದ ವೇಳೆ ಮೂರರವರೆಗಿನ ನೋವಿಗೆ ಅಂಜಬೇಕಾಗಿಲ್ಲ. ನಾಲ್ಕು, ಐದು ಬಂದರೆ ಭಾರವನ್ನು ಏರಿಸಕೂಡದು. ಐದನ್ನು ಮೀರಿದರೆ ಆ ವ್ಯಾಯಾಮವನ್ನು ಅಂದಿಗೆ ನಿಲ್ಲಿಸತಕ್ಕದ್ದು. ಆದರೆ ನಿಜವಾದ ತೀರ್ಪು ಹೊರಬೀಳುವುದು ವ್ಯಾಯಾಮಶಾಲೆಯಲ್ಲಲ್ಲ, ಮರುದಿನ ಬೆಳಗ್ಗೆ. ಎದ್ದ ಕೂಡಲೆ ಒಂದು ಲೀಟರ್ ನೀರು ತುಂಬಿದ ಬಾಟಲಿಯನ್ನು, ಮೊಣಕೈ ನೆಟ್ಟಗಿಟ್ಟು, ಅಂಗೈ ಕೆಳಮುಖವಾಗಿ ಹಿಡಿದು ಎತ್ತಿ ನೋಡುವುದು. ನಿನ್ನೆಯ ಬೆಳಗಿನಷ್ಟೇ ಅಥವಾ ಅದಕ್ಕಿಂತ ಕಡಿಮೆ ನೋವಿದ್ದರೆ ನಿನ್ನೆ ಕೊಟ್ಟ ಭಾರ ಸರಿಯಾಗಿತ್ತು. ಹೆಚ್ಚಾಗಿದ್ದರೆ ಭಾರ ಅತಿಯಾಯಿತೆಂದು ತಿಳಿದು ಮುಂದಿನ ಸರದಿಯಲ್ಲಿ ಇಳಿಸಬೇಕು.

ಮೂರು ಘಟ್ಟಗಳ ಕ್ರಮ

ಮೊದಲನೆಯ ಘಟ್ಟ, ಸುಮಾರು ಎರಡು ವಾರ. ನೋವಿರುವ ಮುಂಗೈಯನ್ನು ಮೇಜಿನ ಮೇಲಿರಿಸಿ, ಹಸ್ತ ಮಾತ್ರ ಅಂಚಿನಿಂದ ಹೊರಗೆ ಇರುವಂತೆ, ಅಂಗೈ ಕೆಳಮುಖವಾಗಿ ಇಟ್ಟುಕೊಳ್ಳುವುದು. ಇನ್ನೊಂದು ಕೈಯಿಂದ ಹಸ್ತದ ಹಿಂಬದಿಯನ್ನು ಕೆಳಗೆ ಒತ್ತುತ್ತ, ನೋಯುವ ಕೈಯಿಂದ ಅದನ್ನು ಎದುರಿಸುವುದು. ಹಸ್ತ ಅಲುಗಬಾರದು. ಹೀಗೆ 30ರಿಂದ 45 ಸೆಕೆಂಡು. ಎರಡು ನಿಮಿಷ ಬಿಡುವು. ಒಟ್ಟು ನಾಲ್ಕೈದು ಬಾರಿ. ಚಲನೆಯಿಲ್ಲದ ಈ ಶ್ರಮವನ್ನು ನೋಯುವ ರಜ್ಜು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಆದ್ದರಿಂದ ದಿನಕ್ಕೊಮ್ಮೆ ಮಾಡಬಹುದು.

ಎರಡನೆಯ ಘಟ್ಟ, ಮೂರನೆಯ ವಾರದಿಂದ ಎಂಟನೆಯ ವಾರದವರೆಗೆ. ಅದೇ ಭಂಗಿಯಲ್ಲಿ ಒಂದು ಕಿಲೋ ಡಂಬೆಲ್ ಹಿಡಿದು, ಮೂರು ಎಣಿಸುವಷ್ಟು ಹೊತ್ತಿನಲ್ಲಿ ಹಸ್ತವನ್ನು ಮೇಲಕ್ಕೆತ್ತಿ, ನಾಲ್ಕು ಎಣಿಸುವಷ್ಟು ಹೊತ್ತಿನಲ್ಲಿ ಕೆಳಗಿಳಿಸುವುದು. 15 ಸಲ ಮಾಡಿದರೆ ಒಂದು ಆವರ್ತ. ಅಂತಹ ಮೂರು ಆವರ್ತಗಳು, ದಿನ ಬಿಟ್ಟು ದಿನ. ಒಂದು ಕಿಲೋ ಕೂಡ ನೋಯಿಸಿದರೆ ಅರ್ಧ ಲೀಟರ್ ನೀರಿನ ಬಾಟಲಿ ಸಾಕು. ನಿಧಾನವಾಗಿ ಇಳಿಸುವುದೇ ಇಲ್ಲಿನ ಮರ್ಮ. ಎತ್ತಿ ಧಪ್ಪನೆ ಬಿಟ್ಟರೆ ಫಲವಿಲ್ಲ. ಎರಡು ಸರದಿಗಳು ಬೆಳಗಿನ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅರ್ಧ ಕಿಲೋ ಏರಿಸಬಹುದು. ಇದರೊಡನೆ ಸುತ್ತಿಗೆಯ ಹಿಡಿಯ ತುದಿಯನ್ನು ಹಿಡಿದು ಅಂಗೈಯನ್ನು ಮೆಲ್ಲನೆ ಮೇಲಕ್ಕೂ ಕೆಳಕ್ಕೂ ಹೊರಳಿಸುವ ವ್ಯಾಯಾಮವನ್ನೂ ಸೇರಿಸಿಕೊಳ್ಳಬೇಕು. ರಬ್ಬರಿನ ದಪ್ಪ ದಂಡವನ್ನು ಹಿಂಡುವಂತೆ ತಿರುಚಿ ಮೆಲ್ಲನೆ ಸಡಿಲಿಸುವ ವಿಧಾನವೊಂದು ಅಮೆರಿಕದಲ್ಲಿ 2010ರಲ್ಲಿ ಪರೀಕ್ಷೆಗೊಳಗಾಗಿ ಒಳ್ಳೆಯ ಫಲ ತೋರಿತು. ಆ ದಂಡ ಇಲ್ಲಿಯ ಕ್ರೀಡಾ ಸಾಮಗ್ರಿಯ ಅಂಗಡಿಗಳಲ್ಲಿಯೂ ಸಿಗುತ್ತದೆ.

ಮೂರನೆಯ ಘಟ್ಟ, ಒಂಬತ್ತನೆಯ ವಾರದಿಂದ. ಭಾರ ಹೆಚ್ಚು, ಸಂಖ್ಯೆ ಕಡಿಮೆ: ಎಂಟು ಸಲದ ಮೂರು ಆವರ್ತಗಳು, ವಾರಕ್ಕೆ ಮೂರು ದಿನ. ಭುಜದ ಹಿಂಬದಿಯ ಸ್ನಾಯುಗಳನ್ನೂ ಬಲಪಡಿಸಬೇಕು; ಭುಜ ದುರ್ಬಲವಾದರೆ ಅದರ ಕೆಲಸವೂ ಮುಂಗೈಗೇ ಬೀಳುತ್ತದೆ. ಹನಿಗೂಡಿದರೆ ಹಳ್ಳ. ಹನ್ನೆರಡು ವಾರಗಳಿಗೆ ಮೊದಲು ಈ ಕ್ರಮದ ಫಲಾಫಲವನ್ನು ನಿರ್ಣಯಿಸಬಾರದು; ನೋವು ಹೋದ ಮೇಲೂ ವಾರಕ್ಕೆರಡು ಬಾರಿ ಇದನ್ನು ಮುಂದುವರಿಸುವುದು ಕ್ಷೇಮ.

ವ್ಯಾಯಾಮಶಾಲೆಯಲ್ಲಿ ಮಾರ್ಪಾಡು

ಇನ್ನು ಉಳಿದ ವ್ಯಾಯಾಮದ ಪ್ರಶ್ನೆ. ಸಾತಪುರದ ಕಾರ್ಖಾನೆಯೊಂದರ ಕಚೇರಿಯಲ್ಲಿ ದುಡಿಯುವ 44 ವರ್ಷದ ಗೃಹಸ್ಥರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ವಾರಕ್ಕೆ ಐದು ದಿನ ವ್ಯಾಯಾಮ. ಅದರಲ್ಲಿ ನಾಲ್ಕು ದಿನ ಪುಲ್-ಅಪ್, ಬಾರ್ಬೆಲ್ ಎಳೆತ, ತೋಳಿನ ಕರ್ಲ್ ಮೊದಲಾದ ಹಿಡಿತದ ಕೆಲಸಗಳು. ಇವರು ಎಲ್ಲವನ್ನೂ ಬಿಡಬೇಕಾಗಿಲ್ಲ. ಮೊದಲು ಹಿಡಿತದ ದಿನಗಳನ್ನು ನಾಲ್ಕರಿಂದ ಎರಡಕ್ಕೆ ಇಳಿಸಿ, ನಡುವೆ ಎರಡು ದಿನಗಳ ಅಂತರವಿಡಬೇಕು. ಉಳಿದ ದಿನಗಳಲ್ಲಿ ಬಸ್ಕಿ, ಕಾಲಿನ ಯಂತ್ರಗಳು, ಹೊಟ್ಟೆಯ ವ್ಯಾಯಾಮ, ನಡಿಗೆ. ಮೊಣಕೈಯ ನೆಪದಲ್ಲಿ ಕಾಲುಗಳು ಸೊರಗಬೇಕಾಗಿಲ್ಲವಷ್ಟೆ.

ಅನಂತರ ಹಿಡಿಯುವ ರೀತಿಯನ್ನು ಬದಲಿಸಬೇಕು. ಅಂಗೈ ಕೆಳಮುಖವಾಗಿ ಎತ್ತುವ ಭಾರ ಈ ರಜ್ಜುವಿಗೆ ಅತಿ ಕಠಿಣ. ಸುತ್ತಿಗೆ ಹಿಡಿದಂತೆ ಹೆಬ್ಬೆರಳು ಮೇಲ್ಮುಖವಾಗಿದ್ದರೆ ಅದೇ ಭಾರ ಹಗುರವಾಗುತ್ತದೆ. ಬೆನ್ನಿನ ಎಳೆತಗಳಿಗೂ ಡೆಡ್‌ಲಿಫ್ಟಿಗೂ ಮಣಿಕಟ್ಟಿಗೆ ಸುತ್ತುವ ಪಟ್ಟಿಗಳನ್ನು ಬಳಸಿದರೆ ಮುಷ್ಟಿಯ ಶ್ರಮ ಕಡಿಮೆಯಾಗಿ ಬೆನ್ನಿನ ಶ್ರಮ ಉಳಿಯುತ್ತದೆ. ಪುಲ್-ಅಪ್ ಬದಲು ಕೆಲವು ವಾರ ಕೇಬಲ್ ಯಂತ್ರದಲ್ಲಿ ಕಡಿಮೆ ಭಾರದ ಎಳೆತ ಸಾಕು. ದಂಡ ಹೊಡೆಯುವಾಗ ಮಣಿಕಟ್ಟು ನೋಯಿಸಿದರೆ ನೆಲಕ್ಕೂರುವ ಹಿಡಿಕೆಗಳನ್ನು ಬಳಸಬಹುದು. ಅಂಗೈ ಕೆಳಮುಖವಾದ ಕರ್ಲ್, ಮುಷ್ಟಿ ಹಿಚುಕುವ ಸ್ಪ್ರಿಂಗು ಇವುಗಳನ್ನು ಮಾತ್ರ ಮೊದಲ ಎರಡು ಘಟ್ಟಗಳಲ್ಲಿ ಪೂರ್ತಿ ದೂರವಿಡತಕ್ಕದ್ದು. ಬಿಟ್ಟ ವ್ಯಾಯಾಮಗಳನ್ನು ಮರಳಿ ಸೇರಿಸುವಾಗ ವಾರಕ್ಕೆ ಒಂದನ್ನು ಮಾತ್ರ, ಹಿಂದಿನ ಭಾರದ ಅರ್ಧದಿಂದ ಆರಂಭಿಸಿ ಸೇರಿಸಬೇಕು. ಒಂದೇ ವಾರ ಮೂರನ್ನು ಸೇರಿಸಿದರೆ ನೋವು ಬಂದಾಗ ಯಾವುದರಿಂದ ಬಂತೆಂಬುದೇ ತಿಳಿಯುವುದಿಲ್ಲ.

ಈ ಕಾರಣದಿಂದ ಸಣ್ಣದೊಂದು ಲೆಕ್ಕದ ಪುಸ್ತಕ ಅತ್ಯಗತ್ಯ. ದಿನಾಂಕ, ವ್ಯಾಯಾಮ, ಭಾರ, ಸಂಖ್ಯೆ, ಆ ವೇಳೆಯ ನೋವು, ಮರುಬೆಳಗಿನ ನೋವು: ಈ ಆರು ಅಂಕಣಗಳು ಸಾಕು. ನೆನಪನ್ನು ನಂಬುವಂತಿಲ್ಲ, ನೋವು ಇಳಿದ ದಿನ ಮನುಷ್ಯನು ಹಿಂದಿನ ನೋವನ್ನು ಮರೆಯುತ್ತಾನೆ. ನಾಲ್ಕು ವಾರಗಳ ಲೆಕ್ಕವನ್ನು ಒಟ್ಟಿಗೆ ನೋಡಿದಾಗ ಏರಿಕೆ ಇಳಿಕೆಗಳು ತಾವಾಗಿಯೇ ಎದ್ದು ಕಾಣುತ್ತವೆ. ತಜ್ಞರ ಬಳಿಗೆ ಹೋದಾಗಲೂ ಈ ಪುಸ್ತಕ ಅವರಿಗೆ ಅರ್ಧ ಕೆಲಸ ಉಳಿಸುತ್ತದೆ.

ಒಳಬದಿಯ ನೋವು

ನೋವು ಮೊಣಕೈಯ ಒಳಬದಿಯಲ್ಲಿದ್ದರೆ ಕೆಟ್ಟಿರುವುದು ಮಣಿಕಟ್ಟನ್ನು ಮುಂದಕ್ಕೆ ಮಡಚುವ ಸ್ನಾಯುಗಳ ರಜ್ಜು. ಅಂಗೈ ತನ್ನ ಕಡೆ ತಿರುಗಿಸಿ ಮಾಡುವ ಪುಲ್-ಅಪ್, ಹಗ್ಗ ಹತ್ತುವುದು, ಮಲ್ಲಖಂಬ, ಭಾರಿ ಕರ್ಲ್ ಇವು ಅದರ ಕಾರಣಗಳು. ಕ್ರಮವೆಲ್ಲ ಮೇಲಿನದೇ, ಅಂಗೈ ಮಾತ್ರ ಮೇಲ್ಮುಖ. ಕಿರುಬೆರಳು, ಉಂಗುರಬೆರಳುಗಳಲ್ಲಿ ಜೋಮು ಕಂಡರೆ ಅಲ್ಲಿಯೇ ಹಾದುಹೋಗುವ ನರಕ್ಕೆ ಒತ್ತಡ ಬಿದ್ದಿರುವ ಸಂಭವವಿದೆ, ತಡಮಾಡದೆ ತೋರಿಸಬೇಕು.

ದಿನದ ಉಳಿದ ಇಪ್ಪತ್ತಮೂರು ಗಂಟೆಗಳು

ವ್ಯಾಯಾಮ ಒಂದು ಗಂಟೆಯದು. ಉಳಿದ ಗಂಟೆಗಳಲ್ಲಿ ಕೈ ಏನು ಮಾಡುತ್ತದೆಂಬುದೂ ಅದೇ ಖಾತೆಗೆ ಸೇರುತ್ತದೆ. ನಾಸಿಕ ಜಿಲ್ಲೆಯ ದ್ರಾಕ್ಷಿತೋಟಗಳಲ್ಲಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಹಾಗೂ ಅಕ್ಟೋಬರ್ ಸುಮಾರಿಗೆ, ಬಳ್ಳಿ ಕತ್ತರಿಸುವ ಚಾಟ್ನಿಯ ಕಾಲದಲ್ಲಿ ಕೂಲಿಗಳು ದಿನವಿಡೀ ಕತ್ತರಿ ಹಿಚುಕುತ್ತಾರೆ. ವಾಳೂಜ್, ಚಿಕಲಠಾಣಾ, ಅಂಬಡ ಕೈಗಾರಿಕಾ ವಸಾಹತುಗಳಲ್ಲಿ ಬಿಡಿಭಾಗ ಜೋಡಿಸುವವರು ಸ್ಕ್ರೂ ತಿರುಗಿಸುತ್ತಾರೆ. ಹೋಟೆಲಿನ ಅಡುಗೆಮನೆಯಲ್ಲಿ ಭಾರವಾದ ಪಾತ್ರೆ ಎತ್ತುವವರು, ಮನೆಯಲ್ಲಿ ಹಿಟ್ಟು ನಾದುವವರು, ಬಟ್ಟೆ ಹಿಂಡುವವರು, ಕಚೇರಿಯಲ್ಲಿ ಮಣಿಕಟ್ಟು ಎತ್ತಿ ಹಿಡಿದು ಗಂಟೆಗಟ್ಟಲೆ ಮೌಸ್ ಚಲಿಸುವವರು ಎಲ್ಲರೂ ಇದೇ ರಜ್ಜುವನ್ನು ದುಡಿಸುತ್ತಾರೆ. ಇವರಲ್ಲಿ ಅನೇಕರಿಗೆ ವಿಶ್ರಾಂತಿಯ ಸಲಹೆ ಕೊಡುವುದೇ ಕ್ರೂರ. ಕೈ ನಿಂತರೆ ಒಲೆ ನಿಲ್ಲುತ್ತದೆ. ಅವರಿಗೂ ಇದೇ ಮಾರ್ಗ: ಕೆಲಸದ ನಡುವೆ ಬಿಡುವು, ಹಿಡಿಕೆ ದಪ್ಪಗಿರುವ ಹಾಗೂ ಹರಿತವಾದ ಸಲಕರಣೆ, ವಸ್ತುಗಳನ್ನು ಮೊಣಕೈ ಮಡಚಿ ಅಂಗೈ ಮೇಲ್ಮುಖವಾಗಿ ಎತ್ತುವ ರೂಢಿ, ಸಾಧ್ಯವಾದಲ್ಲಿ ಎರಡೂ ಕೈಗಳ ಬಳಕೆ. ಅದರೊಡನೆ ಮೇಲಿನ ಕ್ರಮದ ವ್ಯಾಯಾಮ. ನೋವಿನ ಜಾಗದಿಂದ ಎರಡು ಬೆರಳು ಕೆಳಗೆ ಬಿಗಿಯುವ ಪಟ್ಟಿ ಕೆಲಸದ ವೇಳೆ ಕೆಲವರಿಗೆ ನೆಮ್ಮದಿ ಕೊಡುತ್ತದೆ. ಅದು ಊರುಗೋಲು, ಮದ್ದಲ್ಲ. ಹಚ್ಚುವ ಮುಲಾಮು, ಬಿಸಿಶಾಖ, ಎಣ್ಣೆ ತಿಕ್ಕುವುದು ಇವುಗಳ ಬೆಲೆಯೂ ಅಷ್ಟೇ.

ಒಂದು ಪ್ರಸಿದ್ಧ ಮೊಣಕೈ

ಈ ಬೇನೆ ಭಾರತದ ಮನೆಮಾತಾದದ್ದು 2004ರಲ್ಲಿ, ಸಚಿನ್ ತೆಂಡೂಲ್ಕರರ ಮೊಣಕೈಯಿಂದ. ಭಾರವಾದ ಬ್ಯಾಟಿಗೆ ಹೆಸರಾಗಿದ್ದ ಅವರಿಗೆ ಆಗ 31 ವರ್ಷ. ಕೆಲವು ಪಂದ್ಯಗಳನ್ನು ಬಿಟ್ಟರು, ಮರಳಿ ಆಡಿದರು, ನೋವು ಬಿಡಲಿಲ್ಲ. ಕೊನೆಗೆ 2005ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮತ್ತೆ ಭಾರತದ ಪರವಾಗಿ ಕಣಕ್ಕಿಳಿದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ; ನಾಗಪುರದಲ್ಲಿ ಶ್ರೀಲಂಕಾದ ವಿರುದ್ಧ 93 ಓಟಗಳು. 2010ರ ಫೆಬ್ರವರಿ 24ರಂದು ಗ್ವಾಲಿಯರಿನಲ್ಲಿ ಏಕದಿನ ಪಂದ್ಯದ ಇನ್ನೂರು ಓಟಗಳನ್ನು ಬಾರಿಸಿದ್ದೂ ಅದೇ ತೋಳೇ.

ಇದರಿಂದ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದು ಅರ್ಥವಲ್ಲ. ಅದು ಬೇಕಾಗುವುದು ಬಹು ಕೆಲವರಿಗೆ, ಆರು ತಿಂಗಳಿಂದ ಒಂದು ವರ್ಷದವರೆಗೆ ಬೇರೆಲ್ಲ ಕ್ರಮಗಳೂ ವಿಫಲವಾದ ಮೇಲೆ. ಗ್ರಹಿಸಬೇಕಾದ ಪಾಠ ಬೇರೆ. ದೇಶದ ಅತ್ಯುತ್ತಮ ಆರೈಕೆ ದೊರೆತ ತೋಳಿಗೂ ಮರಳಲು ತಿಂಗಳುಗಳು ಬೇಕಾದವು. ಹೀಗಿರುವಾಗ ಎರಡು ವಾರದಲ್ಲಿ ಗುಣವಾಗಲಿಲ್ಲವೆಂದು ಸಾಮಾನ್ಯ ಗೃಹಸ್ಥನು ಧೃತಿಗೆಡಬೇಕಾಗಿಲ್ಲ.

ವೈದ್ಯರಲ್ಲಿಗೆ ಹೋಗಲೇಬೇಕಾದ ಸಂದರ್ಭಗಳು

ಎಲ್ಲ ಮೊಣಕೈ ನೋವೂ ರಜ್ಜುವಿನದಲ್ಲ. ಭಾರ ಎತ್ತುವಾಗ ಟಪ್ಪೆಂಬ ಸದ್ದಿನೊಡನೆ ನೋವು ಬಂದು ತೋಳಿನ ಮುಂಭಾಗ ಕಪ್ಪುಗಟ್ಟಿದರೆ ರಜ್ಜು ಹರಿದಿರಬಹುದು. ಅದು ಅಂದೇ ತೋರಿಸಬೇಕಾದ ಸಂಗತಿ. ಕೀಲು ಕೆಂಪಾಗಿ ಊದಿಕೊಂಡು ಜ್ವರ ಬಂದರೂ, ಮೊಣಕೈ ನಡುವೆ ಸಿಕ್ಕಿಕೊಂಡಂತಾದರೂ, ಬಿದ್ದು ಪೆಟ್ಟಾಗಿದ್ದರೂ, ಕತ್ತಿನಿಂದ ಕೈಗಿಳಿಯುವ ನೋವು ಅಥವಾ ಜೋಮು ಇದ್ದರೂ, ಹಿಡಿತ ದಿನದಿಂದ ದಿನಕ್ಕೆ ಕ್ಷೀಣಿಸಿದರೂ ಮನೆಮದ್ದು ಕೂಡದು. ಸಿಪ್ರೋಫ್ಲಾಕ್ಸಾಸಿನ್, ಲೀವೋಫ್ಲಾಕ್ಸಾಸಿನ್ ಮುಂತಾದ ಪ್ರತಿಜೈವಿಕ ಔಷಧಿಗಳು ರಜ್ಜುಗಳನ್ನು ದುರ್ಬಲಗೊಳಿಸಬಲ್ಲವು; ಅವನ್ನು ಸೇವಿಸುವಾಗ ಅಥವಾ ಸೇವಿಸಿದ ಮೇಲೆ ನೋವು ಕಂಡರೆ ವೈದ್ಯರಿಗೆ ತಿಳಿಸಲೇಬೇಕು. ಮೇಲಿನ ಕ್ರಮವನ್ನು ಆರು ವಾರ ಪಾಲಿಸಿದರೂ ಏನೂ ಸುಧಾರಣೆ ಇಲ್ಲದಿದ್ದಲ್ಲಿ ಮೂಳೆತಜ್ಞರನ್ನೋ ಫಿಸಿಯೋಥೆರಪಿ ತಜ್ಞರನ್ನೋ ಕಾಣುವುದು ಉಚಿತ.

ಈ ಎರಡು ನಗರಗಳಲ್ಲಿ ಅಂತಹ ತಜ್ಞರ ಕೊರತೆಯಿಲ್ಲ. 1998ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರ ನಾಸಿಕದಲ್ಲಿಯೇ ಇದೆ. ರಾಜ್ಯದ ಫಿಸಿಯೋಥೆರಪಿ ಪದವಿಗಳೂ ಅದರ ವ್ಯಾಪ್ತಿಯಲ್ಲಿವೆ. ಸಂಭಾಜಿನಗರದಲ್ಲಿ ಜನರು ‘ಘಾಟಿ’ ಎಂದು ಕರೆಯುವ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ತಜ್ಞರಲ್ಲಿಗೆ ಹೋದಾಗ ಕೇಳಬೇಕಾದ ಪ್ರಶ್ನೆ ‘ನೋವು ಎಂದು ಹೋಗುತ್ತದೆ?’ ಎಂಬುದೊಂದೇ ಅಲ್ಲ. ‘ಇಂದು ಎಷ್ಟು ಭಾರ ಎತ್ತಬಹುದು, ಮುಂದಿನ ತಿಂಗಳು ಎಷ್ಟು?’ ಎಂಬುದನ್ನೂ ಕೇಳಬೇಕು.

ಒಟ್ಟಿನಲ್ಲಿ, ರಜ್ಜುವನ್ನು ಕೆಡಿಸಿದ್ದು ಭಾರವಾದರೆ ಅದನ್ನು ಕಟ್ಟುವುದೂ ಭಾರವೇ, ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ನಡುವಯಸ್ಸಿನಲ್ಲಿ ಮೊಣಕೈ ನೋವಿಗೆ ಹೆದರಿ ವ್ಯಾಯಾಮ ಬಿಟ್ಟವನು ಕಳೆದುಕೊಳ್ಳುವುದು ಮುಂದಿನ ಇಪ್ಪತ್ತು ವರ್ಷಗಳ ದೇಹಬಲವನ್ನು; ಮೆಟ್ಟಿಲು ಹತ್ತುವ, ಮೊಮ್ಮಗುವನ್ನು ಎತ್ತುವ, ಬಿದ್ದರೆ ತಾನಾಗಿಯೇ ಏಳುವ ಸಾಮರ್ಥ್ಯವನ್ನು. ಅಳತೆಯರಿತ ಶ್ರಮ, ದಿನ ಬಿಟ್ಟು ದಿನದ ಬಿಡುವು, ಹನ್ನೆರಡು ವಾರಗಳ ತಾಳ್ಮೆ ಇವು ಮೂರು ಇದ್ದಲ್ಲಿ ಆ ಬಲವನ್ನು ಉಳಿಸಿಕೊಳ್ಳುವುದು ಬಹುತೇಕ ಎಲ್ಲರಿಗೂ ಸಾಧ್ಯ. ವಾಚಕ ಬಾಂಧವರ ಕೈಗಳಿಗೆ ಕ್ಷೇಮವಿರಲಿ.